ಸೀರೆಗೆ ಕಬ್ಬಿಣದ ಜಾಳಿ ಕೋಣೆ: ಮೂರು ವರ್ಷ ಬಳಸಿದ ಮೇಲೆ

ಹೋದ ಶ್ರಾವಣದಲ್ಲಿ ಗಿರಾಕಿ ಮುಂದೆ ಒಂದು ಸೀರೆ ಬಿಚ್ಚಿದೆ. ಟೋಪ್ ತೆನಿ ಸೆರಗಿನ (ಕೆಂಪು-ಬಿಳಿ ಪಟ್ಟಿಗಳ ಇಳಕಲ್ ಸೆರಗು) ಬಿಳಿ ಪಟ್ಟಿಯ ಮೇಲೆ ಕಡಲೆಕಾಳಿನಷ್ಟು ತುಕ್ಕಿನ ಕಲೆ. ಹತ್ತಿ ಬಟ್ಟೆಯಾಗಿದ್ದರೆ ನಿಂಬೆಹಣ್ಣು, ಉಪ್ಪು ಹಚ್ಚಿ ಬಿಸಿಲಿಗೆ ಹಾಕುತ್ತಿದ್ದೆ. ರೇಷ್ಮೆ ಸೆರಗಿಗೆ ಆ ಧೈರ್ಯ ಬರಲಿಲ್ಲ. ಸೆರಗಿನ ಉದ್ದ ಎಳೆಗಳನ್ನು ಒಡಲಿನ ಉದ್ದ ಎಳೆಗಳಿಗೆ ಕೊಂಡಿ ಹಾಕಿ ನೇಯ್ದಿರುತ್ತಾರೆ. ಸೆರಗೊಂದನ್ನೇ ಬದಲಿಸಲು ಬರುವುದಿಲ್ಲ. ಆ ಕಲೆ ಬಂದದ್ದು ಸೀರೆ ಕಾಯಲಿ ಅಂತಲೇ ನಾವು ಮಾಡಿಸಿದ ಜಾಳಿ ಕೋಣೆಯಿಂದ.

ನಮ್ಮದು ಇಳಕಲ್‌ನ ಹಳೇ ಮಾಳಿಗೆ ಮನೆ. ಪಡಸಾಲೆಯಲ್ಲೇ ವ್ಯಾಪಾರ. ಬೆಳಕಿಂಡಿಯಿಂದ ಯಾರಾದರೂ ಇಳಿದರೆ ಅನ್ನೋ ಹೆದರಿಕೆಗೆ ಎಂಟಡಿ ಉದ್ದ, ಆರಡಿ ಅಗಲದ ಕೋಣೆ ಮಾಡಿಸಿದೆವು. ಮೇಲೂ ಜಾಳಿ ಇದೆ. ಗೋಡೆ ಕಲ್ಲು-ಮಣ್ಣಿನದು. ಬೋಲ್ಟ್ ಹೊಡೆದರೆ ಸಂದಿನ ಮಣ್ಣು ಉದುರುತ್ತದೆ, ಹಿಡಿಯುವುದಿಲ್ಲ. ಹಾಗಾಗಿ ಗೋಡೆಯಿಂದ ಅರ್ಧ ಅಡಿ ಬಿಟ್ಟು, ತನ್ನ ಕಾಲ ಮೇಲೆ ತಾನೇ ನಿಲ್ಲುವಂತೆ ಮಾಡಿದರು. 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ L ಆಕಾರದ ಕಬ್ಬಿಣದ ಆ್ಯಂಗಲ್. ಮೀಟರಿಗೆ ಸುಮಾರು 3 ಕಿಲೋ ತೂಗುತ್ತದೆ. ಕೂಲಿಯೂ ಕಿಲೋ ಲೆಕ್ಕದಲ್ಲೇ, ಚೀಟಿ ಹಣವೆಲ್ಲ ಇದಕ್ಕೇ ಹೋಯಿತು.

ಪೂರ್ತಿ ತಗಡು ಬೇಡ, ಜಾಳಿ ಇರಲಿ ಅಂದದ್ದು ವೆಲ್ಡಿಂಗ್‌ನವರೇ. ಅದು ಒಳ್ಳೇ ಮಾತಾಯಿತು. ಗಾಳಿ ಆಡುತ್ತದೆ, ಮುಗ್ಗಲು ವಾಸನೆ ಇಲ್ಲ. ಆದರೆ ಬಣ್ಣದ ವಿಷಯದಲ್ಲಿ ಎಡವಿದೆವು. "ಮೊದಲ ನಿಲ್ಲಸೋಣ್ರೀ ಅಕ್ಕಾರ, ರೆಡ್ ಆಕ್ಸೈಡ್ ಆಮ್ಯಾಲೆ ಹಚ್ಚಿದ್ರಾತು" ಅಂದರು. ರೆಡ್ ಆಕ್ಸೈಡ್ ಅಂದರೆ ತುಕ್ಕು ಹಿಡಿಯದಂತೆ ಮೊದಲು ಹಚ್ಚುವ ಕೆಂಪು ಬಣ್ಣ. ನಾನೂ ಹೂಂ ಅಂದೆ. ನಿಲ್ಲಿಸಿದ ಮೇಲೆ ಕುಂಚ ಹೋಗುವುದು ಕಾಣುವ ಕಡೆಗಷ್ಟೇ ಅಲ್ವಾ? ಫರ್ಸಿಗೆ ತಾಗಿದ ಅಡಿ, ಜಾಳಿಯೂ ಆ್ಯಂಗಲ್ಲೂ ಸೇರುವ ಸಂದು ಬೋಳಾಗಿಯೇ ಉಳಿದವು. ದಿನಾ ಫರ್ಸಿ ಒರೆಸುತ್ತೇವೆ. ನೀರು ಅಲ್ಲೇ ಸೇರಿ ಕೂತಿತು. ಎರಡನೇ ಮಳೆಗಾಲಕ್ಕೆ ಬಣ್ಣ ಉಬ್ಬಿ ಒಳಗಿಂದ ಕಂದು ಪುಡಿ ಉದುರತೊಡಗಿತು. ಕೆಳಗಿನ ಹಲಗೆಯ ಸೀರೆ ಜಾಳಿಗೆ ಒತ್ತಿಕೊಂಡಿತ್ತು.

ಅಷ್ಟು ಸಿಟ್ಟು ಬಂದರೂ ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕುವ ಹೊತ್ತು ನನಗೆ ಇಷ್ಟ. ಬೀಗದ ಸುತ್ತ ತಗಡಿನ ಡಬ್ಬಿ ಇದೆ. ಕೆಳಗಿಂದ ಕೈ ಹಾಕಿ, ಬೆರಳಲ್ಲೇ ರಂಧ್ರ ಹುಡುಕಿ ಕೀಲಿ ತಿರುಗಿಸಬೇಕು. ಗರಗಸ ಅಲ್ಲಿಗೆ ಹೋಗುವುದಿಲ್ಲ. ಅತ್ತೆ ಜೋಕಾಲಿ ಮೇಲೆ ಕೂತೇ ಜಾಳಿಯಾಚೆ ನೋಡಿ ಎಣಿಸುತ್ತಾರೆ: ದಾಳಿಂಬೆ ಕೆಂಪು ಇಷ್ಟು, ಗಿಳಿ ಹಸಿರು ಇಷ್ಟು. ತಿಜೋರಿಯಾಗಿದ್ದರೆ ಈ ಬಣ್ಣ ಕಾಣುತ್ತಿತ್ತಾ?

ಮತ್ತೆ ಮಾಡಿಸಿದರೂ ಜಾಳಿ ಕೋಣೆಯೇ, ಅದೇ ವೆಲ್ಡಿಂಗ್‌ನವರ ಹತ್ತಿರವೇ. ಆದರೆ ಆ್ಯಂಗಲ್ ಅಂಗಳದಲ್ಲಿ ಮಲಗಿರುವಾಗಲೇ ನಾಲ್ಕೂ ಕಡೆ ಎರಡು ಕೋಟ್ ರೆಡ್ ಆಕ್ಸೈಡ್ ಹಚ್ಚಿಸುತ್ತೇನೆ, ವೆಲ್ಡ್ ಆದ ಜಾಗಕ್ಕೆ ಮತ್ತೊಮ್ಮೆ. ಈಗ ಸದ್ಯಕ್ಕೆ ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿಸಿ ಬಣ್ಣ ಬಳಿಸಿದ್ದೇವೆ. ಸೀರೆಗೂ ಜಾಳಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇವೆ.