ಕರೆ ಸ್ವೀಕರಿಸುವ ಸ್ಪೀಕರ್: ಎಂಟು ತಿಂಗಳ ಬಳಕೆಯ ನಂತರ

ಹಳೆಯ ಆಂಪ್ಲಿಫೈಯರ್‌ನಿಂದ ಎಳೆದಿದ್ದ ವೈರುಗಳು ಇಲಿಗಳ ಪಾಲಾದ ಮೇಲೆ, ನಮ್ಮ ಅಪಾರ್ಟ್‌ಮೆಂಟಿನ ಮೂರು ಬ್ಲಾಕುಗಳಿಗೂ ಕ್ಲಬ್‌ಹೌಸಿಗೂ ಎಸ್‌ಐಪಿ (ನೆಟ್‌ವರ್ಕ್ ಮೂಲಕ ಫೋನ್ ಕರೆ ಕೂಡಿಸುವ ವಿಧಾನ) ಸ್ಪೀಕರ್‌ಗಳನ್ನು ಹಾಕಿಸಿ ಎಂಟು ತಿಂಗಳಾಯಿತು. ನೋಟಕ್ಕೆ ಮಾಮೂಲಿ ಧ್ವನಿವರ್ಧಕದಂತಿದ್ದರೂ ಒಳಗೆ ಇದೊಂದು ಟೆಲಿಫೋನೇ: ಕಚೇರಿಯಲ್ಲಿ ಆಸ್ಟರಿಸ್ಕ್ ಎಂಬ ಟೆಲಿಫೋನ್ ಎಕ್ಸ್‌ಚೇಂಜ್ ತಂತ್ರಾಂಶ ಓಡುವ ಪುಟ್ಟ ಕಂಪ್ಯೂಟರಿನಲ್ಲಿ ನೋಂದಾಯಿಸಿಕೊಂಡು, ತನ್ನದೇ ಎಕ್ಸ್‌ಟೆನ್ಷನ್ ಸಂಖ್ಯೆ ಪಡೆದಿರುತ್ತದೆ. ಗೇಟಿನಲ್ಲಿರುವ ಕಾವಲುಗಾರರು 204 ಒತ್ತಿದರೆ ಬಿ ಬ್ಲಾಕಿನ ಸ್ಪೀಕರ್ ತಾನೇ ಕರೆ ಸ್ವೀಕರಿಸಿ, ‘ಟಿಂಗ್’ ಎಂದು ಎಚ್ಚರಿಸಿ, ಅವರ ಮಾತನ್ನು ಲಾಬಿಗೆ ಕೇಳಿಸುತ್ತದೆ. ಬ್ಲಾಕುಗಳ ಸ್ಪೀಕರ್‌ಗಳಿಗೆ ವಿದ್ಯುತ್ತೂ ದನಿಯೂ ಒಂದೇ ನೆಟ್‌ವರ್ಕ್ ಕೇಬಲಿನಲ್ಲಿ ಬರುತ್ತವೆ. ಕರೆಂಟು ಹೋದಾಗಲೂ ದನಿ ನಿಲ್ಲಬಾರದೆಂದರೆ ಆ ಕೇಬಲುಗಳು ಕೂಡುವ ನೆಟ್‌ವರ್ಕ್ ಸ್ವಿಚ್ಚಿಗೆ ಯುಪಿಎಸ್ ಕೊಡಲೇಬೇಕು.

ಧ್ವನಿಯ ಗುಣಮಟ್ಟದ ಬಗ್ಗೆ ಮೊದಲ ವಾರ ನನಗೆ ನಿರಾಸೆಯಾಗಿತ್ತು. ‘ಸಂಪು ಶುಚಿ ಮಾಡುತ್ತಿದ್ದೇವೆ, ನೀರು ತುಂಬಿಟ್ಟುಕೊಳ್ಳಿ’ ಎಂದರೆ ಸಕಾರ ಶಕಾರಗಳೆರಡೂ ಒಂದೇ ಬುಸುಗುಟ್ಟುವಿಕೆಯಾಗಿ ಕೇಳುತ್ತಿದ್ದವು. ಕಾರಣ ಸ್ಪೀಕರಲ್ಲ, ದನಿಯನ್ನು ಅಂಕಿಗಳಾಗಿಸುವ ವಿಧಾನವಾದ ಕೋಡೆಕ್. ಜಿ.711 ಎಂಬ ಕೋಡೆಕ್ ಸೆಕೆಂಡಿಗೆ ದನಿಯ 8,000 ಮಾದರಿಗಳನ್ನಷ್ಟೇ ತೆಗೆದುಕೊಳ್ಳುವುದರಿಂದ ಸ, ಶದಂಥ ಊಷ್ಮಾಕ್ಷರಗಳ ಎತ್ತರದ ಕಂಪನಾಂಕಗಳು ಕತ್ತರಿಸಿಹೋಗುತ್ತವೆ. 16,000 ಮಾದರಿಗಳ ಜಿ.722ಕ್ಕೆ ಬದಲಿಸಿದಾಗ, ಅದೇ 64 ಕಿಲೋಬಿಟ್ ವೇಗದಲ್ಲಿ, ಮಾತು ಅಚ್ಚುಕಟ್ಟಾಯಿತು. ಪೆಟ್ಟಿಗೆಯಲ್ಲಿ ಬಂದ ಕೈಪಿಡಿಯಲ್ಲಿ ಈ ವಿಷಯಕ್ಕೆ ಒಂದು ಸಾಲೂ ಇಲ್ಲ.

ನಿಜವಾದ ತಲೆನೋವು ಹೊರಗಿನಿಂದ ಕರೆ ಮಾಡಿದಾಗ ಶುರುವಾಯಿತು. ಊರಿಗೆ ಹೋಗಿದ್ದ ಕಾರ್ಯದರ್ಶಿ ಮೊಬೈಲ್ ಆ್ಯಪಿನಿಂದ ಕರೆ ಮಾಡಿದರೆ ‘ಟಿಂಗ್’ ಕೇಳುತ್ತಿತ್ತು, ಆಮೇಲೆ ಬರೀ ಮೌನ. ಅಳವಡಿಸಿಕೊಟ್ಟವರು ಸ್ಪೀಕರನ್ನೇ ದೂರಿ ಎರಡು ಬಾರಿ ಬದಲಿಸಿದರು. ಕರೆಯನ್ನು ಕೂಡಿಸುವುದು ಮಾತ್ರ ಎಸ್‌ಐಪಿಯ ಕೆಲಸ, ದನಿ ಸಾಗುವುದು ಆರ್‌ಟಿಪಿ ಎಂಬ ಬೇರೆಯದೇ ದಾರಿಯಲ್ಲಿ, ಆ ದಾರಿಯ ವಿಳಾಸ ಮಾತ್ರ ಎಸ್‌ಐಪಿ ಸಂದೇಶದೊಳಗೇ ಇರುತ್ತದೆ ಎಂಬುದು ಅವರಿಗೇ ತಿಳಿದಂತಿರಲಿಲ್ಲ. ನಮ್ಮ ರೌಟರಿನ ‘ಎಸ್‌ಐಪಿ ಎಎಲ್‌ಜಿ’ ಸೌಲಭ್ಯ ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಆ ವಿಳಾಸವನ್ನು ತಪ್ಪಾಗಿ ತಿದ್ದುತ್ತಿತ್ತು. ಅದನ್ನು ಆಫ್ ಮಾಡಿದ ಕ್ಷಣದಿಂದ ಮಾತು ಹರಿಯಿತು. ಈಗ ಹೊರಗಿನ ಕರೆಗಳನ್ನು ವಿಪಿಎನ್ (ಅಂತರಜಾಲದೊಳಗಿನ ಗೂಢಲಿಪಿಯ ಖಾಸಗಿ ದಾರಿ) ಮೂಲಕವೇ ತರುತ್ತೇವೆ, ಏಕೆಂದರೆ ಎಸ್‌ಐಪಿ ಕರೆಗಳು ಬರುವ 5060ನೇ ಪೋರ್ಟನ್ನು ಅಂತರಜಾಲಕ್ಕೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಕಿಡಿಗೇಡಿ ಯಂತ್ರಗಳು ಬಾಗಿಲು ಬಡಿಯತೊಡಗುತ್ತವೆ.

ಕೇಬಲ್ ಎಳೆಯಲು ಸಾಧ್ಯವಿರುವ ಕಟ್ಟಡಕ್ಕಾದರೆ ಈ ಸ್ಪೀಕರನ್ನು ಧೈರ್ಯವಾಗಿ ಕೊಳ್ಳಬಹುದು. ಎಲ್ಲ ಬ್ಲಾಕುಗಳಿಗೂ ಒಟ್ಟಿಗೆ ಘೋಷಣೆ ಮಾಡುವಾಗ ದನಿ ಮಲ್ಟಿಕಾಸ್ಟ್ ಆಗಿ, ಅಂದರೆ ಒಮ್ಮೆ ಕಳಿಸಿದ್ದು ಎಲ್ಲ ಸ್ಪೀಕರ್‌ಗಳಿಗೂ ತಲುಪುವಂತೆ, ಹೋಗುತ್ತದೆ. ವೈಫೈಯಲ್ಲಿ ಕಳೆದುಹೋದ ಮಲ್ಟಿಕಾಸ್ಟ್ ದತ್ತಾಂಶದ ಪೊಟ್ಟಣಗಳು ಮರಳಿ ಬರುವುದಿಲ್ಲವಾದ್ದರಿಂದ ಕ್ಲಬ್‌ಹೌಸಿನ ಸ್ಪೀಕರೊಂದು ಇಂದಿಗೂ ತೊದಲುತ್ತಿದೆ. ಅದಕ್ಕೂ ಕೇಬಲ್ ಹಾಕಿಸಲು ಸಮಿತಿಯ ಒಪ್ಪಿಗೆ ಸಿಕ್ಕಿದೆ.