ವಾಟ್ಸಾಪ್: ವರ್ಷಗಟ್ಟಲೆ ಬಳಸಿದ ಮೇಲೆ

ಇದರಲ್ಲಿ ಗ್ರೂಪ್, ಕಮ್ಯುನಿಟಿ, ಚಾನೆಲ್, ಸ್ಟೇಟಸ್ ಅಂತ ನಾಲ್ಕು ದಾರಿ ಇವೆ. ನಾವು ಮಾತ್ರ ಮದುವೆಗೂ ಗ್ರೂಪ್, ಶಾಲೆಗೂ ಗ್ರೂಪ್, ನೀರಿನ ಟ್ಯಾಂಕರಿಗೂ ಗ್ರೂಪ್ ಮಾಡುತ್ತೇವೆ. ಅರ್ಧ ತಲೆನೋವು ಶುರುವಾಗುವುದೇ ಅಲ್ಲಿಂದ.

ಗ್ರೂಪಿನಲ್ಲಿ 1,024 ಜನ ಹಿಡಿಸುತ್ತಾರೆ, ಆದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ‘ನಾಳೆ ನೀರು ಬರಲ್ಲ’ ಅನ್ನುವ ಸೂಚನೆ ಬೆಳಗಾಗುವಷ್ಟರಲ್ಲಿ ಶುಭೋದಯಗಳ ಕೆಳಗೆ ಹೂತುಹೋಗಿರುತ್ತದೆ. ಆ ಮೆಸೇಜನ್ನು ಪಿನ್ ಮಾಡಿ: 24 ಗಂಟೆ, 7 ದಿನ ಅಥವಾ 30 ದಿನ ಮೇಲೆಯೇ ನಿಲ್ಲುತ್ತದೆ. ಬರೀ ಸೂಚನೆಗಾಗಿಯೇ ಇರುವ ಗ್ರೂಪಾದರೆ ಅಡ್ಮಿನ್‌ಗಳಷ್ಟೇ ಬರೆಯುವಂತೆ ಮಾಡಿಡಿ. ನಾಲ್ಕೈದು ಬ್ಲಾಕ್ ಇರುವ ಅಪಾರ್ಟ್‌ಮೆಂಟಿಗೆ 2022ರಲ್ಲಿ ಬಂದ, ಹಲವು ಗ್ರೂಪುಗಳನ್ನು ಒಂದೇ ಸೂರಿನಡಿ ಸೇರಿಸುವ ಕಮ್ಯುನಿಟಿಯೇ ಸರಿ. ಅಪರಿಚಿತರಿಗೆ ಸುದ್ದಿ ಮುಟ್ಟಿಸಬೇಕಾದ ಗ್ರಂಥಾಲಯ, ಕಲಾಸಂಘಗಳಿಗೆ ಅಡ್ಮಿನ್‌ಗಳು ಮಾತ್ರ ಬರೆದು ಉಳಿದವರು ಓದುವ ಚಾನೆಲ್ ಒಳ್ಳೆಯದು. ಫಾಲೋ ಮಾಡುವವರ ನಂಬರ್ ಒಬ್ಬರದೊಬ್ಬರಿಗೆ ಕಾಣುವುದಿಲ್ಲ. ಸ್ಟೇಟಸ್ 24 ಗಂಟೆಗೆ ಅಳಿಸಿಹೋಗುತ್ತದೆ, ಅಷ್ಟೇ.

ಫೋಟೋ ವಿಷಯದಲ್ಲಿ ಜಾಗ್ರತೆ ಬೇಕು. ಮಾರ್ಕ್ಸ್ ಕಾರ್ಡನ್ನೋ ಪಹಣಿಯನ್ನೋ ಮಾಮೂಲಿ ಫೋಟೋ ಥರ ಕಳಿಸಿದರೆ ಕುಗ್ಗಿಹೋಗಿ ಸಣ್ಣ ಅಕ್ಷರ ಕಲಸಿಕೊಳ್ಳುತ್ತವೆ. ಝೂಮ್ ಮಾಡಿದರೆ ಸರ್ವೆ ನಂಬರಿನ 3 ಯಾವುದು, 8 ಯಾವುದು ತಿಳಿಯದು. ಅದೇ ಫೈಲನ್ನು ಅಟ್ಯಾಚ್ ಒತ್ತಿ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ. ಮಿತಿ 2 ಜಿಬಿ.

ಫೋನ್ ತುಂಬಿದಾಗ ಹಲವರು ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿ ಸುಮ್ಮನಾಗುತ್ತಾರೆ. ಅದರಿಂದ ಫೋಟೋ ಗ್ಯಾಲರಿಯಲ್ಲಿ ಕಾಣುವುದಿಲ್ಲ, ಡೌನ್‌ಲೋಡ್ ಮಾತ್ರ ನಡೆದೇ ಇರುತ್ತದೆ. ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾಕ್ಕೆ ಹೋಗಿ ಆಟೋ ಡೌನ್‌ಲೋಡನ್ನೇ ನಿಲ್ಲಿಸಬೇಕು. ಅಲ್ಲೇ ‘ಮ್ಯಾನೇಜ್ ಸ್ಟೋರೇಜ್’ ಒಳಗೆ 5 ಎಂಬಿಗಿಂತ ದೊಡ್ಡವು ಒಟ್ಟಿಗೆ ಸಿಗುತ್ತವೆ. ಮೊದಲು ಅವನ್ನು ಅಳಿಸಿ.

ಫಾರ್ವರ್ಡ್‌ಗೆ ಇರುವ ಕಡಿವಾಣ ಕಿರಿಕಿರಿ ಅನ್ನುವವರಿದ್ದಾರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಒಂದು ಜೀವ ಹೋಯಿತು. ಅದೇ ತಿಂಗಳು ಭಾರತದಲ್ಲಿ ಒಮ್ಮೆಗೆ 5 ಚಾಟ್‌ಗಳ ಮಿತಿ ಬಂತು. ಹಲವು ಸಲ ಫಾರ್ವರ್ಡ್ ಆಗಿ ಎರಡು ಬಾಣದ ಗುರುತು ಬಿದ್ದಿರುವ ಮೆಸೇಜ್ ಈಗ ಒಮ್ಮೆಗೆ ಒಂದೇ ಚಾಟ್‌ಗೆ ಹೋಗುತ್ತದೆ. ಈ ಮಿತಿ ಇರಲೇಬೇಕು.

ದೊಡ್ಡ ಕೊರತೆ ಬ್ಯಾಕಪ್. ಆ್ಯಂಡ್ರಾಯ್ಡ್‌ನಲ್ಲಿ ಅದು ಗೂಗಲ್ ಖಾತೆಯ ಉಚಿತ 15 ಜಿಬಿಯೊಳಗೇ ಕೂರಬೇಕು. ಖಾತೆ ತುಂಬಿದರೆ ಬ್ಯಾಕಪ್ ನಿಂತುಹೋಗುತ್ತದೆ, ಎಷ್ಟೋ ಜನರಿಗೆ ಗೊತ್ತಾಗುವುದು ಹೊಸ ಫೋನ್ ತಂದ ದಿನ. ಚಾಟ್ ಬ್ಯಾಕಪ್ ಪುಟದಲ್ಲಿ ಕೊನೆಯ ತಾರೀಖು ತಿಂಗಳಿಗೊಮ್ಮೆ ನೋಡಿ, ವಿಡಿಯೋ ಬಿಟ್ಟು ಬ್ಯಾಕಪ್ ಮಾಡಿದರೆ ಗಾತ್ರ ತುಂಬಾ ಇಳಿಯುತ್ತದೆ. ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ (ಬೇರೆಯವರು ಓದದಂತೆ ಹಾಕುವ ಬೀಗ) ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಕಾಗದದಲ್ಲಿ ಬರೆದಿಡಿ. ಫೋನೂ ಹೋಗಿ ಪಾಸ್‌ವರ್ಡೂ ಮರೆತರೆ ಕಂಪನಿಯೂ ತೆರೆದುಕೊಡಲಾರದು.