ಮಲಗುವ ಹೊತ್ತಿನ ಧ್ರುವಯಾತ್ರೆ: ಫ್ರಾಂಕ್ಲಿನ್‌ನ ಹಾಡೋ, ಶ್ಯಾಕಲ್‌ಟನ್‌ನ ದೋಣಿಯೋ?

ಈ ಚಳಿಗಾಲ ಪೂರ್ತಿ ನಮ್ಮ ಮನೆಯಲ್ಲಿ ಎರಡು ಪುಸ್ತಕಗಳ ಪಂಚಾಯ್ತಿ. ಮಗಳಿಗೆ ಎಂಟು, ಮಗನಿಗೆ ಐದು. ನಾವಿರುವುದು ಕೆನಡಾದ ಒಂಟಾರಿಯೋದಲ್ಲಿ, ಡಿಸೆಂಬರ್ ಬಂದರೆ ಸಂಜೆ ಐದಕ್ಕೆಲ್ಲ ಕತ್ತಲು. ಊಟ ಮುಗಿಸಿ, ಹಲ್ಲುಜ್ಜಿಸಿ, ಇಬ್ಬರನ್ನೂ ರಜಾಯಿಯೊಳಗೆ ತುರುಕಿದ ಮೇಲೆ ಏನಾದರೂ ಓದಲೇಬೇಕು, ಇಲ್ಲದಿದ್ದರೆ ಮನೆ ಕುಸ್ತಿ ಅಖಾಡ. ಹೊರಗೆ ಮೈನಸ್ ಹದಿನೈದು ಇರುವಾಗ ಅದಕ್ಕಿಂತ ಚಳಿಯಾದ ಜಾಗದ ಕಥೆ ಕೇಳುವ ಸುಖವೇ ಬೇರೆ. ಜೋರು ಮಳೆಯಲ್ಲಿ ಕರೆಂಟ್ ಹೋದಾಗ ಅಜ್ಜಿ ಹತ್ತಿರ ದೆವ್ವದ ಕಥೆ ಕೇಳುತ್ತಿದ್ದೆವಲ್ಲ, ಹಾಗೆ.

ಮೊದಲನೆಯದು ‘ನಾರ್ತ್‌ವೆಸ್ಟ್ ಪ್ಯಾಸೇಜ್’. ಕೆನಡಾದ ಉತ್ತರದ ಹಿಮಸಮುದ್ರ ಹಾದು ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ಗೆ ಹೋಗುವ ದಾರಿಯ ಹೆಸರದು, ಅದನ್ನು ಹುಡುಕಲು ಹೋಗಿ ಕಾಣೆಯಾದವನೇ ಬ್ರಿಟಿಷ್ ನೌಕಾಧಿಕಾರಿ ಜಾನ್ ಫ್ರಾಂಕ್ಲಿನ್. ಮೊದಲು ಇದು ಆ ಹೆಸರಿನ ಒಂದು ಹಾಡು, ಪುಸ್ತಕವಾದದ್ದು ಆಮೇಲೆ. ಸ್ಟ್ಯಾನ್ ರಾಜರ್ಸ್ ಎಂಬ ಕೆನಡಾದ ಗಾಯಕ ಬರೆದು ಹಾಡಿದ್ದು, ಆಲ್ಬಮ್ ಬಂದದ್ದು 1981ರಲ್ಲಿ. ಇನ್ನೆರಡೇ ವರ್ಷಕ್ಕೆ ವಿಮಾನದ ಬೆಂಕಿಯಲ್ಲಿ ಆತ ತೀರಿಕೊಂಡ, ಆಗ ವಯಸ್ಸು 33. ಇದನ್ನು ಜನಪದ ಹಾಡು ಎನ್ನುತ್ತಾರೆ, ಬರೆದವನ ಹೆಸರು ಗೊತ್ತಿದ್ದ ಮೇಲೆ ಅದೆಂಥ ಜನಪದ ಹಾಡು ಎಂದು ನನಗೂ ಮೊದಲು ಅನ್ನಿಸಿತ್ತು. ಕೇಳಿದ ಮೇಲೆ ತಕರಾರು ಬಿಟ್ಟೆ. ವಾದ್ಯವೇ ಇಲ್ಲ, ಬರೀ ಕೊರಳು. ಒಬ್ಬ ಹೇಳುತ್ತಾನೆ, ಪಲ್ಲವಿ ಬಂದಾಗ ಉಳಿದವರು ಬಂದು ಸೇರುತ್ತಾರೆ, ಥೇಟ್ ನಮ್ಮ ಕಡೆ ಒಬ್ಬರು ಪದ ಹೇಳಿ ಮಿಕ್ಕವರು ಸೊಲ್ಲು ಹಿಡಿದ ಹಾಗೆ. ಆ ಸಾಲುಗಳಿಗೆ ಮ್ಯಾಟ್ ಜೇಮ್ಸ್ ಚಿತ್ರ ಬರೆದು 2013ರಲ್ಲಿ ಪುಸ್ತಕವಾಯಿತು, ಚಿತ್ರಗಳಿಗೆ ಅದೇ ವರ್ಷ ಗವರ್ನರ್ ಜನರಲ್ ಪ್ರಶಸ್ತಿಯೂ ಬಂತು.

ಎರಡನೆಯದು ವಿಲಿಯಂ ಗ್ರಿಲ್ ಬರೆದು ಚಿತ್ರಿಸಿದ ‘ಶ್ಯಾಕಲ್‌ಟನ್ಸ್ ಜರ್ನಿ’, 2014ರದ್ದು. ಅದು ಉತ್ತರ ಧ್ರುವದ ಕಡೆಯದು, ಇದು ದಕ್ಷಿಣದ್ದು, ಅಂಟಾರ್ಕ್ಟಿಕಾ ದಾಟಲು ಹೊರಟ ಅರ್ನೆಸ್ಟ್ ಶ್ಯಾಕಲ್‌ಟನ್‌ನ ಕಥೆ. ಪೂರ್ತಿ ಬಣ್ಣದ ಪೆನ್ಸಿಲ್ ಕೆಲಸ. ಮಗಳು ಎರಡು ಪುಟ ತಿರುವಿದವಳೇ ತನ್ನ ಪೆನ್ಸಿಲ್ ಡಬ್ಬಿ ತಂದಳು, ಅಷ್ಟು ಹೇಳಿದರೆ ಸಾಕು ಅಂದುಕೊಂಡಿದ್ದೇನೆ.

ಮೂರನೆಯದೂ ಒಂದಿತ್ತು, ಫ್ರಾಂಕ್ಲಿನ್ ಜನರ ಗೋರಿಗಳನ್ನು 1984 ಮತ್ತು 1986ರಲ್ಲಿ ತೆರೆದು ನೋಡಿದ ಓವನ್ ಬೀಟಿ ಮಕ್ಕಳಿಗಾಗಿ ಜೊತೆಗೂಡಿ ಬರೆದದ್ದು. ಹಿಮದಲ್ಲಿ ಕೆಡದೆ ಉಳಿದ ಇಪ್ಪತ್ತು ವರ್ಷದ ಹುಡುಗನ ಮುಖ ಕಂಡ ಕೂಡಲೇ ಬೀರುವಿನ ಮೇಲಿಟ್ಟೆ. ಮಕ್ಕಳಿಗೆ ಹನ್ನೆರಡು ವರ್ಷ ಆದ ಮೇಲೆ ನೋಡೋಣ.

ಮೊದಲ ವಾರ ಹಾಡಿನ ಪುಸ್ತಕವನ್ನು ನಾನು ಸುಮ್ನೆ ಓದಿದೆ, ಹಾಡಲಿಲ್ಲ. ಪೂರ್ತಿ ತೋಪು. ಯಾಕೆ ಅಂದರೆ ಹಾಡಿನಲ್ಲಿ ಕಥೆ ನೇರವಾಗಿ ಇಲ್ಲ. ಕಾರಿನಲ್ಲಿ ಪಶ್ಚಿಮಕ್ಕೆ ಹೊರಟವನೊಬ್ಬ ಬಯಲುಸೀಮೆ ದಾಟುತ್ತ, ಹಿಂದೆ ಇದೇ ನೆಲದಲ್ಲಿ ನಡೆದು, ದೋಣಿ ಹುಟ್ಟು ಹಾಕಿ ದಾರಿ ಹುಡುಕಿದ ಮೆಕೆಂಜಿ, ಥಾಂಪ್ಸನ್ ಮುಂತಾದವರನ್ನು ನೆನೆಯುತ್ತಾನೆ. ಪಲ್ಲವಿಯಲ್ಲಿ ಮಾತ್ರ ಫ್ರಾಂಕ್ಲಿನ್. ಅವನ ಕಥೆ ಏನಿದ್ದರೂ ಹಾಡಿನ ಜೊತೆ ಕೊಟ್ಟಿರುವ ಇತಿಹಾಸದ ಬರಹದಲ್ಲಿದೆ, ಅದು ಐದು ವರ್ಷದವನಿಗೆ ಜಾಸ್ತಿ. ಮಗ ಎರಡನೇ ಪುಟಕ್ಕೇ ಗೋಡೆ ಕಡೆ ತಿರುಗಿ ಮಲಗಿದ.

ಅದೇ ವಾರ ಶ್ಯಾಕಲ್‌ಟನ್‌ಗೆ ಭರ್ತಿ ಮಾರ್ಕ್ಸು. 1914ರಲ್ಲಿ ‘ಎಂಡ್ಯೂರೆನ್ಸ್’ ಹಡಗು ಹೊರಟಿತು, ಮಂಜುಗಡ್ಡೆಗೆ ಸಿಕ್ಕಿಕೊಂಡಿತು, ನಜ್ಜುಗುಜ್ಜಾಗಿ ಮುಳುಗಿತು, ಆರು ಜನ ಒಂದು ಪುಟ್ಟ ದೋಣಿಯಲ್ಲಿ ಸುಮಾರು 1300 ಕಿಲೋಮೀಟರ್ ಸಮುದ್ರ ದಾಟಿ ಸಹಾಯ ತಂದರು. ಹಡಗಿನ 28 ಜನರೂ ಬದುಕಿ ಬಂದರು. ಮಕ್ಕಳಿಗೆ ಇನ್ನೇನು ಬೇಕು? ಮಗನಿಗಂತೂ 69 ನಾಯಿಗಳ ಪುಟ ಒಂದೇ ಸಾಕು. ರಾತ್ರಿ ಬೆರಳಿಟ್ಟು ಎಣಿಸುತ್ತಾನೆ, ನಲವತ್ತರ ಹತ್ತಿರ ತಪ್ಪುತ್ತಾನೆ, ಮತ್ತೆ ಒಂದರಿಂದ. ನಾನು ಅಡುಗೆಮನೆ ಒರೆಸಿ ಬಂದರೂ ಎಣಿಕೆ ಮುಗಿದಿರುವುದಿಲ್ಲ. ಮಗುವಿನ ಕೈಗೆ ಕೊಟ್ಟು ನಾವು ಎದ್ದು ಹೋಗಬಹುದಾದ ಪುಸ್ತಕ ಅಂದರೆ ಇದು.

ಆದರೆ ಒಂದು ದಿನ ಕೇಳಿಯೇ ಬಿಟ್ಟ, “ಅಮ್ಮಾ, ಮನುಷ್ಯರೆಲ್ಲ ವಾಪಸ್ ಬಂದ್ರು, ನಾಯಿಗಳು ಎಲ್ಲಿ?” ನಾಯಿಗಳನ್ನು ಗುಂಡಿಟ್ಟು ಕೊಂದಿದ್ದರು. ಬಡಗಿಯ ಬೆಕ್ಕನ್ನೂ ಸಹ. ನಾನು ತಡವರಿಸಿದೆ, ಅಕ್ಕ ತಡವರಿಸಲಿಲ್ಲ. ಆವತ್ತು ರಾತ್ರಿ ಹತ್ತೂವರೆವರೆಗೆ ಅಳು. ಸುಖಾಂತ್ಯದ ಪುಸ್ತಕ ಅಂತ ನಾನೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ, ನೋಡಿ. ಅದೇ ಯಾತ್ರೆಗೆಂದು ಅಂಟಾರ್ಕ್ಟಿಕಾದ ಇನ್ನೊಂದು ದಡದಲ್ಲಿ ಊಟದ ಸಾಮಾನು ಕೂಡಿಡಲು ಹೋದ ತಂಡದಲ್ಲಿ ಮೂವರು ಸತ್ತಿದ್ದರು ಎಂಬುದನ್ನು ನಾನು ಬಾಯಿ ಬಿಟ್ಟಿಲ್ಲ.

ಹಾಡಿನ ಪುಸ್ತಕ ಎದ್ದು ನಿಂತದ್ದು ಎರಡನೇ ವಾರ, ಅದೂ ಕಾರಿನಲ್ಲಿ. ಸುಮ್ನೆ ಹಾಡು ಹಾಕಿದೆ, ಪುಸ್ತಕ ಹಿಂದಿನ ಸೀಟಿನಲ್ಲಿತ್ತು. ಹಾಡು ಓಡಿದ ಹಾಗೆ ಮಗಳು ಪುಟ ತಿರುಗಿಸಿದಳು. ಮೂರನೇ ಸಲಕ್ಕೆ ಇಬ್ಬರಿಗೂ ಪಲ್ಲವಿ ಬಾಯಿಪಾಠ. ಅದರಲ್ಲಿ ಬರುವ ಬೋಫರ್ಟ್ ಸಮುದ್ರ ನಮ್ಮವನ ಬಾಯಲ್ಲಿ ‘ಬೋಂಡಾ ಸೀ’ ಆಗಿದೆ, ತಿದ್ದುವ ಮನಸ್ಸು ಯಾರಿಗೂ ಇಲ್ಲ. ಪುಸ್ತಕದಲ್ಲಿ ಸ್ವರಲಿಪಿಯೂ ಇದೆ, ಪಿಯಾನೋ ಕಲಿಯುವವರಿಗೆ ಉಪಯೋಗ. ಆದ್ದರಿಂದ ಹಾಡು ಕೇಳಿಸದೆ ಈ ಪುಸ್ತಕ ಕೊಡಬೇಡಿ, ದುಡ್ಡು ದಂಡ.

ಇದರಲ್ಲಿ ಯಾರೂ ಬದುಕುವುದಿಲ್ಲ, ಅದು ನನಗೆ ದೊಡ್ಡ ಭಯವಿತ್ತು. 1845ರಲ್ಲಿ ಫ್ರಾಂಕ್ಲಿನ್‌ನ ‘ಎರೆಬಸ್’, ‘ಟೆರರ್’ ಎಂಬ ಎರಡು ಹಡಗುಗಳಲ್ಲಿ ಮೂರು ವರ್ಷದ ದಿನಸಿ ತುಂಬಿಕೊಂಡು ಹೋದ 129 ಜನರಲ್ಲಿ ಒಬ್ಬನೂ ಹಿಂದಿರುಗಲಿಲ್ಲ. ಆಶ್ಚರ್ಯ ಅಂದರೆ ಇಲ್ಲಿ ಅಳು ಬರಲಿಲ್ಲ. ಹಾಡು ಸಾವನ್ನು ಹೊತ್ತುಕೊಂಡು ಹೋಗುತ್ತದೆ ಅನ್ನಿಸುತ್ತದೆ, ಪುಣ್ಯಕೋಟಿಯ ಹುಲಿ ಸತ್ತಾಗಲೂ ನನ್ನ ಮಕ್ಕಳು ರಾಗ ನಿಲ್ಲಿಸುವುದಿಲ್ಲ. ಅಳುವ ಬದಲು ಪ್ರಶ್ನೆಗಳು ಬಂದವು. ಅಷ್ಟು ದೊಡ್ಡ ಹಡಗು ಯಾರಿಗೂ ಕಾಣಲಿಲ್ವಾ? ಅಲ್ಲಿ ಜನ ಇರಲಿಲ್ವಾ?

ಇದ್ದರು. ನನ್ನ ತಕರಾರೂ ಇಲ್ಲೇ. ಹಾಡಿನ ಪಲ್ಲವಿ ಆ ನಾಡನ್ನು ಕಾಡು, ಕ್ರೂರ ಎನ್ನುತ್ತದೆ, ಅಲ್ಲಿನ ಮೂಲನಿವಾಸಿಗಳಾದ ಇನುಯಿಟ್ ಜನರಿಗೆ ಅದು ತಲೆಮಾರುಗಳಿಂದ ಮನೆ. ಹಸಿದು ನಡೆದು ಸತ್ತ ಬಿಳಿಯರ ಸುದ್ದಿಯನ್ನು ಅವರೇ 1854ರಲ್ಲಿ ಜಾನ್ ರೇ ಎಂಬ ಅನ್ವೇಷಕನಿಗೆ ಹೇಳಿದ್ದರು, ಲಂಡನ್ನಿನ ದೊಡ್ಡವರಿಗೆ ನಂಬಿಕೆ ಬರಲಿಲ್ಲ. ಆಮೇಲೆ ಅವರು ಬಾಯಿಂದ ಬಾಯಿಗೆ ಉಳಿಸಿಕೊಂಡ ಮಾತಿನ ಸುಳಿವು ಹಿಡಿದೇ 2014ರಲ್ಲಿ ಎರೆಬಸ್ ಸಿಕ್ಕಿದ್ದು, ಬರೀ 11 ಮೀಟರ್ ಆಳದಲ್ಲಿ. 2016ರಲ್ಲಿ ಟೆರರ್. ಅದಕ್ಕೂ ಜೋವಾ ಹೇವನ್ ಊರಿನ ಇನುಯಿಟ್ ಒಬ್ಬರು, ಮಂಜುಗಡ್ಡೆಯಿಂದ ಮೇಲೆದ್ದ ಮರದ ಕಂಬ ಕಂಡಿದ್ದೆ ಎಂದು ಹೇಳಿದ್ದೇ ದಾರಿ. ಸಿಕ್ಕ ಜಾಗದ ಹೆಸರು ಮೊದಲಿನಿಂದಲೂ ಟೆರರ್ ಬೇ! ಇದನ್ನು ಕೇಳಿ ನನ್ನ ಗಂಡ ನಕ್ಕಿದ್ದು ಇನ್ನೂ ನಿಂತಿಲ್ಲ.

ಪುಸ್ತಕ 2013ರದ್ದಲ್ಲವೇ, ಇದ್ಯಾವುದೂ ಅದರಲ್ಲಿ ಇರಲು ಸಾಧ್ಯವಿಲ್ಲ. ಅತ್ತ ಶ್ಯಾಕಲ್‌ಟನ್ ಪುಸ್ತಕ ಬಂದು ಎಂಟು ವರ್ಷಕ್ಕೆ, 2022ರಲ್ಲಿ, ಎಂಡ್ಯೂರೆನ್ಸ್ ಕೂಡ 3008 ಮೀಟರ್ ಆಳದಲ್ಲಿ ಸಿಕ್ಕಿತು. ಎರಡೂ ಪುಸ್ತಕ ಹಡಗು ಸಿಗುವ ಮೊದಲೇ ಅಚ್ಚಾದವು. ಈ ವಿಷಯ ಮಗಳಿಗೆ ಹೇಳಿದ ದಿನ ಅವಳಿಗೆ ನಿದ್ದೆಯೇ ಇಲ್ಲ.

ಚಿತ್ರದ ಮಾತಿಗೆ ಬಂದರೆ ನನ್ನ ಮತ ಮ್ಯಾಟ್ ಜೇಮ್ಸ್‌ಗೆ, ಮಕ್ಕಳ ಮತ ಗ್ರಿಲ್‌ಗೆ. ಗ್ರಿಲ್ ಚಿತ್ರದಲ್ಲಿ ಹುಡುಕಿದಷ್ಟೂ ಸಣ್ಣಸಣ್ಣ ಮನುಷ್ಯರು, ಸಾಮಾನು. ಜೇಮ್ಸ್ ಚಿತ್ರ ಹಾಗಲ್ಲ, ಕುಂಚ ಓಡಿದ ಗುರುತು ಕಾಣುತ್ತದೆ, ಪುಟ ಕಣ್ಣಿಗೆ ಒರಟು. ನನಗೆ ಹಿಡಿಸಿದ್ದು ಅದೇ. ಅಲ್ಲದೆ ನನ್ನದು ಪಕ್ಷಪಾತದ ಓದು, ಒಪ್ಪಿಕೊಳ್ಳುತ್ತೇನೆ. ಇದ್ದ ನೆಲೆ ಬಿಟ್ಟು ಹೊರಟವನಿಗೆ ಕೊನೆಗೆ ಕಾಣುವುದು ಮನೆಗೆ ತಿರುಗುವ ದಾರಿ ಮಾತ್ರ ಎಂಬ ಅರ್ಥದ ಸಾಲು ಬಂದಾಗ, ಹನ್ನೊಂದು ವರ್ಷದಿಂದ ಹಾಸನದ ಫೋನ್‌ಗೆ ಭಾನುವಾರ ಕಾಯುವ ನನ್ನ ಗಂಟಲು ಕಟ್ಟುತ್ತದೆ. ಹಿಂದಿನ ಸೀಟಿನಲ್ಲಿ ಬೋಂಡಾ ಸೀ ನಡೆದೇ ಇರುತ್ತದೆ.

ಕೊನೆಗೆ ಕೊಂಡದ್ದು ಹಾಡಿನ ಪುಸ್ತಕ. ಶ್ಯಾಕಲ್‌ಟನ್ ಲೈಬ್ರರಿಯದು, ಮೂರನೇ ಸಲ ರಿನ್ಯೂ ಮಾಡಿದ್ದೇನೆ. ನಾಯಿಗಳನ್ನು ವಾಪಸ್ ಕೊಡಲು ಮಗ ತಯಾರಿಲ್ಲ. ಮಗಳು ನಮ್ಮ ಪುಸ್ತಕದ ಹಿಂದೆ ಎರಡು ಹಡಗಿನ ಚಿತ್ರ ಬರೆದು, ಸಿಕ್ಕ ವರ್ಷ ಹಾಕಿ ಅಂಟಿಸಿದ್ದಾಳೆ. ಇನ್ನೊಂದಕ್ಕೂ ಒಂದು ಚೀಟಿ ಮಾಡಿದ್ದಾಳೆ, ಲೈಬ್ರರಿ ಪುಸ್ತಕ ಅಂತ ಅಂಟಿಸದೆ ಕೊನೆಯ ಪುಟದಲ್ಲಿ ಸುಮ್ನೆ ಸಿಕ್ಕಿಸಿಟ್ಟಿದ್ದಾಳೆ. ವಾಪಸ್ ಕೊಡುವಾಗ ತೆಗೆಯಬಾರದಂತೆ.